ಟ್ರೇಜನ್ ಹಡಗು ಹತ್ತಿದ್ದರೆ

ಬನವಾಸಿಯ ಹೊರಗೆ ರೋಮನ್ ದಂಡು ಬೀಡುಬಿಟ್ಟಿತ್ತು ಎನ್ನುವ ‘ಮುಚ್ಚಿಟ್ಟ ಇತಿಹಾಸ’ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿದ್ದರೆ ದಯವಿಟ್ಟು ಅಳಿಸಿಬಿಡಿ. ಅದು ನನ್ನ ಕಾದಂಬರಿಯ ಏಳನೆಯ ಅಧ್ಯಾಯ.

ಕಾದಂಬರಿ ಹುಟ್ಟಿದ್ದು ಒಂದು ನಿಟ್ಟುಸಿರಿನಿಂದ. ಕ್ರಿ.ಶ. 116ರಲ್ಲಿ ರೋಮನ್ ಚಕ್ರವರ್ತಿ ಟ್ರೇಜನ್ ಪಾರ್ಥಿಯನ್ನರ ನಾಡನ್ನು ಗೆಲ್ಲುತ್ತಾ ಪರ್ಷಿಯನ್ ಕೊಲ್ಲಿಯವರೆಗೆ ಬಂದ. ಭಾರತಕ್ಕೆ ಹೊರಟಿದ್ದ ಹಡಗೊಂದನ್ನು ಕಂಡು, ಇನ್ನೂ ಪ್ರಾಯವಿದ್ದಿದ್ದರೆ ನಾನೂ ದಾಟುತ್ತಿದ್ದೆ ಎಂದನಂತೆ. ಹಾಗೆಂದು ಇತಿಹಾಸಕಾರ ಡಿಯೊ ಬರೆದಿದ್ದಾನೆ. ಮರುವರ್ಷ ಟ್ರೇಜನ್ ತೀರಿಕೊಂಡ. ಆ ‘ದಾಟುತ್ತಿದ್ದೆ’ಯನ್ನು ನಾನು ‘ದಾಟಿದ’ ಎಂದು ತಿದ್ದಿದೆ, ಅಷ್ಟೇ.

ಅಷ್ಟೇ ಎಂದೆನಲ್ಲ, ಆ ತಿದ್ದುಪಡಿಗೆ ಮೂರು ವರ್ಷ ಹಿಡಿಯಿತು. ಅವನ ವಯಸ್ಸನ್ನು ಇಳಿಸುವಂತಿಲ್ಲ. ಇಪ್ಪತ್ತು ವರ್ಷ ಚಿಕ್ಕವನಾದರೆ 98ರಲ್ಲಿ ಅವನು ಪಟ್ಟವೇರುವುದೇ ಅನುಮಾನ. ಹಾಗಾಗಿ ಅರವತ್ತು ದಾಟಿದ ಮುದುಕನನ್ನೇ ಹಡಗು ಹತ್ತಿಸಿದೆ. ಅವನ ಬೆನ್ನ ಹಿಂದೆ ಮೆಸೊಪೊಟೇಮಿಯ ದಂಗೆ ಎದ್ದಿತ್ತು. ಅದನ್ನು ಒಂದು ವರ್ಷ ಮುಂದೂಡಿದೆ. ಮುಂಗಾರಿನ ಗಾಳಿಯನ್ನು ಮಾತ್ರ ಅಲುಗಿಸಲಾಗಲಿಲ್ಲ. ಆ ಗಾಳಿ ಹಿಡಿದರೆ ಕೆಂಪು ಸಮುದ್ರದ ಬಾಯಿಯಿಂದ ಕೇರಳದ ಮುಜಿರಿಸ್ ಬಂದರಿಗೆ ನಲವತ್ತು ದಿನ ಎಂದು ರೋಮನ್ ಲೇಖಕ ಪ್ಲಿನಿ ಲೆಕ್ಕ ಕೊಡುತ್ತಾನೆ. ಬರುವುದೇನೋ ಸುಲಭ. ಆದರೆ ಗಾಳಿ ತಿರುಗುವ ತನಕ ದಂಡಿಗೆ ಮರಳುವ ದಾರಿಯಿಲ್ಲ. ಹಸಿದ ಸೈನಿಕರು ಏನು ತಿನ್ನುತ್ತಾರೆ, ಯಾರಿಂದ ಕೊಳ್ಳುತ್ತಾರೆ? ನನ್ನ ಕಥೆ ಯುದ್ಧಕ್ಕಿಂತ ಹೆಚ್ಚಾಗಿ ಈ ಅಕ್ಕಿಯ ವ್ಯಾಪಾರದ ಸುತ್ತಲೇ ಸುತ್ತುತ್ತದೆ. (ಮುಖಪುಟಕ್ಕೆ ಸಿಂಹದೊಂದಿಗೆ ಸೆಣಸುವ ಗ್ಲಾಡಿಯೇಟರ್ ಬಂದದ್ದು ಹೇಗೆಂದು ನನ್ನನ್ನು ಕೇಳಬೇಡಿ.)

‘ಅತ್ತೆಗೆ ಮೀಸೆ ಬಂದಿದ್ದರೆ’ ಎಂಬಂಥ ಬರವಣಿಗೆ ಇದು ಎಂದು ಗೆಳೆಯರೊಬ್ಬರು ನಕ್ಕರು. ಎರಡು ಸಾವಿರ ವರ್ಷಗಳ ಹಿಂದೆಯೇ ರೋಮನ್ ಇತಿಹಾಸಕಾರ ಲಿವಿ ಈ ಕೆಲಸ ಮಾಡಿದ್ದಾನೆ. ಅಲೆಕ್ಸಾಂಡರ್ ಪಶ್ಚಿಮಕ್ಕೆ ತಿರುಗಿದ್ದರೆ ಏನಾಗುತ್ತಿತ್ತು ಎಂದು ತನ್ನ ಇತಿಹಾಸದ ಒಂಬತ್ತನೆಯ ಪುಸ್ತಕದಲ್ಲಿ ಕೇಳಿ, ರೋಮ್ ಗೆಲ್ಲುತ್ತಿತ್ತು ಎಂದು ತೀರ್ಪನ್ನೂ ಕೊಟ್ಟ. ಊರಿನ ಅಭಿಮಾನ ಯಾರನ್ನು ಬಿಟ್ಟಿದೆ! ಆದರೆ ‘ಇದು ಊಹೆ’ ಎಂದು ಅವನು ಬಾಯಿಬಿಟ್ಟು ಹೇಳಿದ್ದ. ನಾನು ಎಡವಿದ್ದು ಅಲ್ಲಿಯೇ.

ಪ್ರಚಾರದಲ್ಲಿ ಗುಟ್ಟು ಬಿಡಬಾರದು, ಕುತೂಹಲ ಉಳಿಯಬೇಕು ಎಂದು ಬಲ್ಲವರು ಹೇಳಿದರು. ಅವರ ಮಾತು ಕೇಳಿ, ಅಧ್ಯಾಯದ ಎರಡು ಪುಟಗಳನ್ನು ಹಿಂದುಮುಂದು ಹೇಳದೆ ಇಲ್ಲಿ ಹಾಕಿದೆ. ಯಾರೋ ನನ್ನ ಹೆಸರು ಕಿತ್ತು, ಮಧುಕೇಶ್ವರ ದೇವಾಲಯದ ಚಿತ್ರ ಅಂಟಿಸಿ ಹರಿಯಬಿಟ್ಟರು. ಸಾಕ್ಷಿಗೆ ಚಂದ್ರವಳ್ಳಿಯಲ್ಲಿ ಸಿಕ್ಕ ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳು ಬೇರೆ. ನಾಣ್ಯಗಳು ನಿಜ. ಅವನ್ನು ತಂದದ್ದು ವ್ಯಾಪಾರ, ದಂಡಲ್ಲ.

ಈಗ ನನ್ನ ಪ್ರಚಾರದ ಪ್ರತಿ ಪೋಸ್ಟ್ ಶುರುವಾಗುವುದೇ ಆ ದಡದಿಂದ: ಟ್ರೇಜನ್ ಹಡಗು ಹತ್ತಲಿಲ್ಲ, ನಾನು ಹತ್ತಿಸಿದ್ದೇನೆ. ಗುಟ್ಟು ಬಿಟ್ಟರೆ ಪುಸ್ತಕ ಯಾರು ಕೊಳ್ಳುತ್ತಾರೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅವನು ಹತ್ತಲಿಲ್ಲವೆಂದು ಗೊತ್ತಿಲ್ಲದವರಿಗೆ ಹತ್ತಿಸಿದ್ದರಲ್ಲಿ ಏನು ಸ್ವಾರಸ್ಯ?

ನಿನ್ನೆ ಬೆಳಗ್ಗೆ ನಮ್ಮ ಕುಟುಂಬದ ಗುಂಪಿಗೂ ಆ ಸಂದೇಶ ಬಂತು. ಕಳಿಸಿದವರು ನನ್ನ ಚಿಕ್ಕಮ್ಮ. ಕೆಳಗೆ ಬರೆದಿದ್ದರು: ‘ನೀನು ಕಥೆ ಬರೆಯುವುದು ಸಾಕು, ಇಂಥ ನಿಜವಾದ ವಿಷಯ ಬರೆ.’