ಮೂಗು ತೋರಿಸಿ, ತೊಂಡೆಕಾಯಿ ಒಯ್ಯಿರಿ

2021ರ ಕೊರೋನಾ ಕಾಲದಲ್ಲಿ ದನಕ್ಕೆ ಹುಲ್ಲು ಕೊಯ್ಯಲು ಹೋದವರಿಗೆ 2000 ರೂಪಾಯಿ ದಂಡ ಹಾಕಿದ ಸುದ್ದಿ ನೀವೂ ಓದಿರುತ್ತೀರಿ. ನಮ್ಮ ಕಾಸರಗೋಡು ಜಿಲ್ಲೆಯದೇ, ಅಂಬಲತ್ತರ ಕಡೆಯದು. ಜನವಿಲ್ಲದ ಜಾಗ, ಕೈಯಲ್ಲಿ ಕತ್ತಿ, ಮುಖದಲ್ಲಿ ಮಾಸ್ಕ್ ಇಲ್ಲ. ಪೊಲೀಸರು ಅಲ್ಲಿವರೆಗೆ ಹೋದರಲ್ಲ, ಅದಕ್ಕೆ ಮೆಚ್ಚಬೇಕು. ನಮ್ಮ ಕಡೆ ಅಂಗಳದಲ್ಲಿ ಒಣಹಾಕಿದ ಅಡಿಕೆ ಕದ್ದು ಹೋದರೂ ಇಷ್ಟು ದೂರ ಯಾರೂ ನಡೆದದ್ದಿಲ್ಲ. ದನಕ್ಕೂ ಮಾಸ್ಕ್ ಇರಲಿಲ್ಲ. ಅದನ್ನು ಹೇಗೆ ಬಿಟ್ಟರೋ ಗೊತ್ತಿಲ್ಲ.

ಇರಲಿ. ಆ ವರ್ಷ ಆಗಸ್ಟ್ 5ರಿಂದ ಕೇರಳ ಸರಕಾರದ ಹೊಸ ನಿಯಮ ಬಂತು. ವಾರಕ್ಕೆ ಆರು ದಿನ, ಬೆಳಿಗ್ಗೆ 7ರಿಂದ ರಾತ್ರಿ 9ರವರೆಗೆ ಅಂಗಡಿ ತೆರೆಯಬಹುದಿತ್ತು. ವ್ಯಾಪಾರಿಗಳು ಒಂದು ಗಳಿಗೆ ಖುಷಿಪಟ್ಟರು. ಆಮೇಲೆ ಕೆಳಗಿನ ಸಾಲು ಓದಿದರು. ಅಂಗಡಿಗೆ ಬರುವವರು ಒಂದು ಡೋಸ್ ಲಸಿಕೆ ಹಾಕಿಸಿಕೊಂಡು ಎರಡು ವಾರ ಆಗಿರಬೇಕು. ಇಲ್ಲವೇ 72 ಗಂಟೆಯೊಳಗೆ ಮೂಗಿಗೆ ಕಡ್ಡಿ ಹಾಕಿ ಮಾಡಿಸಿದ ಟೆಸ್ಟ್, ಅಂದರೆ ಆರ್‌ಟಿಪಿಸಿಆರ್ ನೆಗೆಟಿವ್ ಇರಬೇಕು. ಅದೂ ಇಲ್ಲವೇ ಕೊರೋನಾ ಬಂದು ತಿಂಗಳು ಕಳೆದಿರಬೇಕು ಅಂತ ಇತ್ತು.

ನನಗೆ ಈ ಮೂರನೆಯದೇ ಜಾಸ್ತಿ ಇಷ್ಟವಾಯಿತು. ಲಸಿಕೆ ಪುಕ್ಕಟೆ ಹೌದು, ಆದರೆ ಸ್ಲಾಟ್ ಸಿಗಬೇಕಿತ್ತಲ್ಲ. ಬೆಳಿಗ್ಗೆ ಫೋನ್ ಹಿಡಿದು ಕೂತರೆ ಸ್ಲಾಟ್ ಕಾಣುತ್ತಿತ್ತು, ಒಟಿಪಿ ಬರುವಷ್ಟರಲ್ಲಿ ಮಾಯ. ಟೆಸ್ಟಿಗೆ ಸರಕಾರವೇ ಆಗ ಕಟ್ಟಿದ್ದ ದರ 500 ರೂಪಾಯಿ. ಸ್ಲಾಟೂ ಬೇಡ, ದುಡ್ಡೂ ಬೇಡ ಅನ್ನುವವರಿಗೆ ಉಳಿದದ್ದು ರೋಗ ಒಂದೇ. ಮನೆ ಬಾಗಿಲಿಗೇ ಬರುತ್ತಿತ್ತು, ಒಟಿಪಿ ಕೇಳುತ್ತಿರಲಿಲ್ಲ.

ಟೆಸ್ಟ್ ಮಾಡಿಸಿಯೇ ಹೋಗುತ್ತೇನೆ ಅನ್ನುತ್ತಿದ್ದ ಮರ್ಯಾದಸ್ಥರ ಲೆಕ್ಕ ನೋಡಿ. ಅರ್ಧ ಕಿಲೋ ತೊಂಡೆಕಾಯಿ ಬೇಕು. ಮೂಗಿನ ಖರ್ಚು 500. ರಿಪೋರ್ಟ್ ಕೈಗೆ ಬರಲು ಒಂದು ದಿನ ಹೋಯಿತು ಅಂತಿಟ್ಟುಕೊಳ್ಳಿ. ಉಳಿದ ಎರಡು ದಿನದಲ್ಲಿ ಅಕ್ಕಿ, ಬೆಲ್ಲ, ಕೊಡೆ, ಚಪ್ಪಲಿ, ಓಣಂ ಬಟ್ಟೆ ಎಲ್ಲ ಮುಗಿಸಿಬಿಡಬೇಕಿತ್ತು. ತೆಂಗಿನೆಣ್ಣೆ ಮರೆತು ಮನೆಗೆ ಬಂದರೋ, ಮತ್ತೆ ಮೂಗಿಗೆ ಕಡ್ಡಿ.

ಬದಿಯಡ್ಕದಲ್ಲಿ ನನ್ನ ಪರಿಚಯದ ದಿನಸಿ ಅಂಗಡಿಯವರು ಬಾಗಿಲಿಗೆ ಅಡ್ಡ ನೀಲಿ ಪ್ಲಾಸ್ಟಿಕ್ ಹಗ್ಗ ಕಟ್ಟಿದ್ದರು. 25 ಚದರ ಅಡಿಗೆ ಒಬ್ಬರು ಅಂತ ಆದೇಶವಿತ್ತು. ಅಕ್ಕಿ ಗೋಣಿ, ಎಣ್ಣೆ ಡಬ್ಬ, ತಕ್ಕಡಿ ಇಟ್ಟ ಮೇಜು, ಎಲ್ಲ ಕಳೆದು ನೋಡಿದರೆ ಆ ಅಂಗಡಿಯಲ್ಲಿ ಕಾನೂನು ಪ್ರಕಾರ ಇರಬಹುದಾಗಿದ್ದವರು ಅವರೊಬ್ಬರೇ. ಒಂದು ದಿನ ಒಬ್ಬರು ಅಜ್ಜಿ ಎಲೆ-ಅಡಿಕೆಗೆ ಬಂದರು. ಲಸಿಕೆಯ ಸರ್ಟಿಫಿಕೇಟ್ ಮೊಮ್ಮಗನ ಫೋನಿನಲ್ಲಿತ್ತು, ಮೊಮ್ಮಗ ಮಂಗಳೂರಿನಲ್ಲಿದ್ದ. ಅಜ್ಜಿ ತೋಳು ತೋರಿಸಿ, 'ಇಲ್ಲಿಗೇ ಚುಚ್ಚಿದ್ದು ಮಗಾ, ಬೇಕಾದರೆ ಮುಟ್ಟಿ ನೋಡು' ಅಂದರು. ಮುಟ್ಟುವ ಹಾಗಿಲ್ಲ ಅನ್ನುವುದೂ ನಿಯಮವೇ ಆಗಿತ್ತು. ಅಂಗಡಿಯವರು ಹಗ್ಗದ ಮೇಲಿನಿಂದಲೇ ಪೊಟ್ಟಣ ಕೊಟ್ಟು ಕಳಿಸಿದರು. ಕಾಗದ ನೋಡದೆ ಸಾಮಾನು ಕೊಟ್ಟ ಅಪರಾಧಿಯಾದರು ಅವರು.

ನಮ್ಮಂಥ ಕನ್ನಡದವರಿಗೂ ಆದೇಶ ಮಲಯಾಳದಲ್ಲಿ ಬರುತ್ತಿತ್ತು. ದಂಡದ ರಶೀದಿಯೂ ಮಲಯಾಳದಲ್ಲಿ. ಪರವಾಗಿಲ್ಲ, ಅಂಕಿ ಓದಲು ಎಲ್ಲರಿಗೂ ಬರುತ್ತದೆ.

ಇನ್ನು ಆ ಮೊಮ್ಮಗ ಊರಿಗೆ ಬಂದು ವಾಪಸು ಹೋಗಬೇಕಾದರೆ ಗಡಿಯ ತಲಪಾಡಿ ದಾಟಬೇಕಿತ್ತು. ಅಲ್ಲಿ ಕರ್ನಾಟಕದವರ ನಿಯಮ ಬೇರೆ ಇತ್ತು. ಎರಡು ಡೋಸ್ ಆಗಿದ್ದರೂ ಲೆಕ್ಕಕ್ಕಿರಲಿಲ್ಲ, 72 ಗಂಟೆಯ ಆರ್‌ಟಿಪಿಸಿಆರ್ ಬೇಕೇ ಬೇಕಿತ್ತು. ಸ್ವಲ್ಪ ಯೋಚಿಸಿ. ಲಸಿಕೆ ಸರ್ಟಿಫಿಕೇಟಿನಲ್ಲಿ ಆಗ ಮೋದಿಯವರ ಫೋಟೋ ಇತ್ತು. ಕೆಂಬಾವುಟದವರು ಆಳುತ್ತಿದ್ದ ಕೇರಳದಲ್ಲಿ ಆ ಫೋಟೋ ತೋರಿಸಿದರೆ ತೊಂಡೆಕಾಯಿ ಸಿಗುತ್ತಿತ್ತು. ಮೋದಿಯವರದೇ ಪಕ್ಷ ಆಗ ಆಳುತ್ತಿದ್ದ ಕರ್ನಾಟಕದ ಗೇಟಿನಲ್ಲಿ ಅದೇ ಫೋಟೋ ತೋರಿಸಿದರೆ 'ಇದು ನಡೆಯುವುದಿಲ್ಲ, ಮೂಗಿನ ಕಾಗದ ಎಲ್ಲಿ?' ಅನ್ನುತ್ತಿದ್ದರು. ರಾಜಕೀಯದಲ್ಲಿ ಇಷ್ಟು ನಿಷ್ಪಕ್ಷಪಾತ ನಾನು ಬೇರೆಲ್ಲೂ ಕಂಡಿಲ್ಲ.

ಹೊಸ ನಿಯಮವೇ ವಾಸಿ ಅನ್ನುವವರೂ ಇದ್ದರು. ಅವರು ಜುಲೈ ತಿಂಗಳನ್ನು ನೆನೆದು ಹಾಗೆ ಹೇಳುತ್ತಿದ್ದರು. ಆಗ ಪಂಚಾಯತುಗಳಿಗೆ ಶಾಲೆಯ ಹಾಗೆ ಎ, ಬಿ, ಸಿ, ಡಿ ಗ್ರೇಡು. ಟೆಸ್ಟ್ ಮಾಡಿದ ನೂರರಲ್ಲಿ ಎಷ್ಟು ಪಾಸಿಟಿವ್ ಅನ್ನುವುದರ ಮೇಲೆ ಗ್ರೇಡು. ಗ್ರೇಡು ಸುಧಾರಿಸಲು ರೋಗ ಕಮ್ಮಿಯಾಗಬೇಕಂತಲೇ ಇಲ್ಲ, ಗಟ್ಟಿಮುಟ್ಟಾದವರನ್ನು ಹಿಡಿದು ಟೆಸ್ಟ್ ಮಾಡಿಸಿದರೂ ಆಯಿತು. ಸಿ ಗ್ರೇಡಿನಲ್ಲಿ ಜವುಳಿ, ಚಿನ್ನ, ಚಪ್ಪಲಿ ಅಂಗಡಿಗೆ ಶುಕ್ರವಾರ ಮಾತ್ರ ಬಾಗಿಲು. ಶನಿವಾರ ಚಪ್ಪಲಿಯ ಉಂಗುಷ್ಠ ಕಿತ್ತರೆ ಮುಂದಿನ ಶುಕ್ರವಾರದವರೆಗೆ ಬರಿಗಾಲು. ಊರಿನವರೆಲ್ಲ ಅದೊಂದೇ ದಿನ ಪೇಟೆಗೆ ಇಳಿಯುತ್ತಿದ್ದರು. ಗುಂಪು ಸೇರಬಾರದು ಅಂತ ಮಾಡಿದ ನಿಯಮ ಅದು.

ಮದುವೆಗೆ ಆಗ 20 ಜನ ಮಾತ್ರ. ಎಣಿಸಿ ನೋಡಿ. ವಧೂವರರು ಇಬ್ಬರು, ಅಪ್ಪ ಅಮ್ಮಂದಿರು ನಾಲ್ವರು, ಭಟ್ರು ಇಬ್ಬರು, ವಾಲಗದವರು ನಾಲ್ವರು, ಅಡಿಗೆಯವರು ಮೂವರು, ಬಡಿಸಲು ಇಬ್ಬರು, ಫೋಟೋದವರು ಇಬ್ಬರು. ಉಳಿದ ಒಂದು ಜಾಗಕ್ಕೆ ಸೋದರಮಾವನೋ ದೊಡ್ಡಪ್ಪನೋ? ಈ ಒಂದು ಸೀಟಿಗೆ ಎಷ್ಟು ಮನೆಗಳಲ್ಲಿ ಮಾತು ಬಿಟ್ಟಿದ್ದಾರೋ! ವಾಲಗ ಬೇಡ, ಮೊಬೈಲಿನಲ್ಲಿ ಹಾಕುವಾ ಅಂದರೆ ಅತ್ತೆಗೆ ಸಿಟ್ಟು. ಅಷ್ಟೆಲ್ಲ ಬೇಡ ಮಾರಾಯರೆ, ಛತ್ರ ಬಿಟ್ಟು ಸರಕಾರವೇ ಮದ್ಯ ಮಾರುವ ಬೀವರೇಜಸ್ ಮಳಿಗೆಯ ಕ್ಯೂನಲ್ಲಿ ತಾಳಿ ಕಟ್ಟಿಸಿದ್ದರೆ ಆಗುತ್ತಿತ್ತು. ಅಲ್ಲಿ ತಲೆ ಎಣಿಸುವವರು ಇರಲಿಲ್ಲ. ಕೇರಳ ಹೈಕೋರ್ಟೇ ಇದನ್ನು ಕೇಳಬೇಕಾಯಿತು. ತೊಂಡೆಕಾಯಿಗೆ ಬೇಕಾದ ಕಾಗದ ಬಾಟಲಿಗೆ ಯಾಕೆ ಬೇಡ ಅಂತಲೂ ಆಗಸ್ಟಿನಲ್ಲಿ ಅದೇ ಕೋರ್ಟು ಕೇಳಿದ ಮೇಲೆ ಅಲ್ಲಿಗೂ ನಿಯಮ ಬಂತು.

ಅದೇ ಜುಲೈಯಲ್ಲಿ ವ್ಯಾಪಾರಿಗಳು ಅಂಗಡಿ ತೆರೆದೇ ತೆರೆಯುತ್ತೇವೆ ಅಂದರು. ಬೇರೆ ಆಟ ಆಡಿದರೆ ಅದೇ ಥರ ಎದುರಿಸುತ್ತೇವೆ ಅನ್ನುವ ಅರ್ಥದಲ್ಲಿ ಮುಖ್ಯಮಂತ್ರಿ ಗುಡುಗಿದರು. ವಾರ ಕಳೆಯುವ ಮೊದಲೇ ಬಕ್ರೀದ್‌ಗೆ ಮೂರು ದಿನ ಸಡಿಲ. ವ್ಯಾಪಾರಿಗಳ ಒತ್ತಡಕ್ಕೆ ಮಣಿದಿರಿ ಅಂತ ಸುಪ್ರೀಂ ಕೋರ್ಟಿನಿಂದ ಬೈಗುಳ. ಒತ್ತಡ ಹಾಕಿದ ವ್ಯಾಪಾರಿಗೆ ಸಿಕ್ಕಿದ್ದು ಮೂರು ದಿನ. ಮುಚ್ಚಿದ್ದ ತಿಂಗಳುಗಳ ಬಾಡಿಗೆ, ಕರೆಂಟ್ ಬಿಲ್ಲಿನ ಫಿಕ್ಸೆಡ್ ಚಾರ್ಜ್, ಬ್ಯಾಂಕಿನ ಬಡ್ಡಿ, ಇವು ಯಾವುದೂ ಶುಕ್ರವಾರ ಮಾತ್ರ ಬರಲಿಲ್ಲ.

ಇಲ್ಲಿ ನನಗೆ ನಗು ಬರುವುದಿಲ್ಲ. ಸಾಲ ತೀರಿಸಲಾಗದೆ ರಾಜ್ಯದಲ್ಲಿ ಕೆಲವು ವ್ಯಾಪಾರಿಗಳು ಜೀವ ಕಳೆದುಕೊಂಡರು. ರೋಗ ಸುಳ್ಳಾಗಿರಲಿಲ್ಲ. ದೇಶದ ದಿನದ ಕೊರೋನಾ ಲೆಕ್ಕದಲ್ಲಿ ಹೆಚ್ಚುಕಮ್ಮಿ ಅರ್ಧ ಕೇರಳದ್ದೇ ಅಂತ ನಾನೂ ಆಗ ಓದುತ್ತಿದ್ದೆ. ಮುಚ್ಚಬೇಕಾದರೆ ಮುಚ್ಚಿ, ಆದರೆ ಮುಚ್ಚಿಸಿದವರು ಬಾಡಿಗೆಯಲ್ಲೂ ಪಾಲು ಹಾಕಬೇಕು ತಾನೇ? ಪೊಲೀಸಿನ ಕೆಲಸ ಅಂಗಡಿಯವನಿಗೆ, ದಂಡವೂ ಅಂಗಡಿಯವನಿಗೆ. ಇದೆಂಥ ನ್ಯಾಯ?

ಗಡಿಯಾಚೆಯ ಕರ್ನಾಟಕದವರೂ ಸಾಚಾ ಅಲ್ಲ. 2020ರ ಮಾರ್ಚಿನಲ್ಲಿ ಗಡಿ ರಸ್ತೆಗಳಿಗೆ ಲಾರಿಗಟ್ಟಲೆ ಮಣ್ಣು ಸುರಿದವರು ಅವರು. ಮಂಗಳೂರಿನ ಆಸ್ಪತ್ರೆ ನಂಬಿಕೊಂಡಿದ್ದ ಇಲ್ಲಿಯ ರೋಗಿಗಳು ದಾರಿ ಸಿಗದೆ ಸತ್ತರು. ಹೈಕೋರ್ಟು, ಸುಪ್ರೀಂ ಕೋರ್ಟು ಅಂತ ಸುತ್ತಿ, ತುರ್ತು ರೋಗಿಗಳನ್ನು ತಲಪಾಡಿಯಲ್ಲಿ ಬಿಡುವ ಒಪ್ಪಂದ ಆಗುವಾಗ ಏಪ್ರಿಲ್ 7. ನಮ್ಮ ಕೇರಳದವರು ಆಗ ದೊಡ್ಡದಾಗಿ ಕಣ್ಣೀರು ಹಾಕಿದರು. ನಮ್ಮ ಜಿಲ್ಲೆಯ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಕಲ್ಲು ಹಾಕಿದ್ದೂ ಕೇರಳ ಸರಕಾರವೇ. ಕಟ್ಟಡ ಕೋವಿಡ್ ಆಸ್ಪತ್ರೆಯಾಗಿ ಹೆಸರು ಮಾಡಿತು. ಕಾಲೇಜು 2021ರಲ್ಲೂ ಶುರುವಾಗಿರಲಿಲ್ಲ.

ಹಾಗಾಗಿ ಆಗಲೂ ಚಿಕಿತ್ಸೆಗೆ ಹೋಗಬೇಕಾಗಿದ್ದದ್ದು ಮಂಗಳೂರಿಗೇ. ಕಾಸರಗೋಡಿನ ಬಸ್ಸು ತಲಪಾಡಿವರೆಗೆ ಮಾತ್ರ, ಮುಂದಕ್ಕೆ ನಡೆದು ದಾಟಿ ಬೇರೆ ಬಸ್ಸು ಹಿಡಿಯಬೇಕಿತ್ತು. ಡಾಕ್ಟರ ಅಪಾಯಿಂಟ್‌ಮೆಂಟ್ ಗುರುವಾರ ಇದ್ದರೆ ಮಂಗಳವಾರವೇ ಮೂಗು ಕೊಟ್ಟು ಬರಬೇಕಿತ್ತು. ಡಾಕ್ಟರು ರಜೆ ಹಾಕಿದರೆ ಇನ್ನೊಂದು 500 ರೂಪಾಯಿ ತೆಗೆದಿಡಬೇಕಿತ್ತು.