ನೀರೆತ್ತುವ ಸ್ಥಿತಿಯಲ್ಲೇ ಉಳಿಯಲಿ

ನನ್ನ ಸೋದರಮಾವ ತಾಲ್ಲೂಕು ಕೇಂದ್ರವೊಂದರ ಅಗ್ನಿಶಾಮಕ ಠಾಣೆಯಲ್ಲಿ ಚಾಲಕರಾಗಿದ್ದು ನಿವೃತ್ತರಾದವರು. ಬೇಸಿಗೆ ಬಂತೆಂದರೆ ಅವರಿಗೆ ಬರುತ್ತಿದ್ದ ಕರೆಗಳಲ್ಲಿ ಹೆಚ್ಚಿನವು ಹುಲ್ಲಿನ ಮೆದೆಗೆ ಬೆಂಕಿ ಬಿದ್ದವು. ಮೆದೆಯ ಬೆಂಕಿ ಮೇಲೆ ಆರಿದಂತೆ ಕಂಡರೂ ಒಳಗೆ ಕೆಂಡವಾಗಿ ಉಳಿದಿರುತ್ತದೆ. ವಾಹನದ ಟ್ಯಾಂಕಿನ ನೀರು ಬೇಗ ಮುಗಿಯುತ್ತದೆ. ಆಮೇಲೆ ಹತ್ತಿರದ ಕೆರೆಯೋ ಬಾವಿಯೋ ಗತಿ. ದಡದಲ್ಲಿ ವಾಹನ ನಿಲ್ಲಿಸಿ, ಸಕ್ಷನ್ ಹೋಸುಗಳನ್ನು ಒಂದಕ್ಕೊಂದು ಜೋಡಿಸಿ, ತುದಿಗೆ ಜರಡಿ ಕಟ್ಟಿ ನೀರಿಗೆ ಇಳಿಸಿದ ಮೇಲೆ ಪಂಪು ನೀರು ಹಿಡಿಯುವವರೆಗೆ ಯಾರೂ ಮಾತನಾಡುತ್ತಿರಲಿಲ್ಲವಂತೆ. "ಗೇಜು ಆಮೇಲೆ ಹೇಳುತ್ತೆ ಕಣೋ, ಕಿವಿಗೆ ಮೊದಲೇ ಗೊತ್ತಾಗಬೇಕು" ಎಂದು ಮಾವ ನನಗೆ ಹಲವು ಸಲ ಹೇಳಿದ್ದಾರೆ.

ಆ ಮಾತಿನ ಹಿಂದೆ ಗಟ್ಟಿಯಾದ ಭೌತಶಾಸ್ತ್ರವಿದೆ. ಇಂದಿನ ಅಗ್ನಿಶಾಮಕ ವಾಹನಗಳಲ್ಲಿರುವ ಸೆಂಟ್ರಿಫ್ಯೂಗಲ್ ಪಂಪು ನೀರನ್ನು ರಭಸದಿಂದ ಎಸೆಯಬಲ್ಲದೇ ಹೊರತು, ಒಳಗೆ ಬರೀ ಗಾಳಿ ತುಂಬಿದ್ದರೆ ತಾನಾಗಿ ನೀರನ್ನು ಮೇಲಕ್ಕೆ ಎತ್ತಲಾರದು. ಪ್ರೈಮರ್ ಎಂಬ ಸಹಾಯಕ ಸಾಧನವು ಮೊದಲು ಆ ಗಾಳಿಯನ್ನು ಹೊರಹಾಕಬೇಕು. ಆಗ ಹೊರಗಿನ ವಾತಾವರಣದ ಒತ್ತಡವೇ ಕೆರೆಯ ನೀರನ್ನು ಹೋಸಿನೊಳಕ್ಕೆ ತಳ್ಳುತ್ತದೆ. ಲೆಕ್ಕದ ಪ್ರಕಾರ ಹೀಗೆ ಸುಮಾರು 10 ಮೀಟರ್ ಎತ್ತರದವರೆಗೆ ನೀರು ಏರಬಹುದಾದರೂ ಕೆಲಸದಲ್ಲಿ ದಕ್ಕುವುದು ಏಳೆಂಟು ಮೀಟರ್ ಮಾತ್ರ. ಹೋಸುಗಳನ್ನು ಬೆಸೆಯುವ ಒಂದು ಕಪ್ಲಿಂಗಿನ ವಾಷರ್ ಸವೆದು ಕೂದಲೆಳೆಯಷ್ಟು ಗಾಳಿ ನುಗ್ಗಿದರೂ ಅಷ್ಟೂ ಶ್ರಮ ವ್ಯರ್ಥ. ಇದನ್ನೆಲ್ಲ ಕಾಗದದಲ್ಲಿ ಬರೆದಿಡಬಹುದು. ಆದರೆ ನೀರು ಹಿಡಿದ ಕ್ಷಣದಲ್ಲಿ ಪಂಪಿನ ಸದ್ದು ಹೇಗೆ ಭಾರವಾಗುತ್ತದೆ ಎಂಬುದನ್ನು ಓಡುತ್ತಿರುವ ಪಂಪು ಮಾತ್ರ ಕಲಿಸೀತು.

ಆದ್ದರಿಂದ ಹಳೆಯ ಅಗ್ನಿಶಾಮಕ ವಾಹನಗಳನ್ನು ಉಳಿಸುವುದೆಂದರೆ ಅವುಗಳ ಪಂಪನ್ನು ನೀರೆತ್ತುವ ಸ್ಥಿತಿಯಲ್ಲಿ ಉಳಿಸುವುದು ಎಂದು ನಾನು ನಂಬಿದ್ದೇನೆ. ಕೆಲಸದ ನಿಮಿತ್ತ ಇಂಗ್ಲೆಂಡಿನಲ್ಲಿದ್ದ ವರ್ಷಗಳಲ್ಲಿ ಹಳ್ಳಿಯ ಬಯಲೊಂದರಲ್ಲಿ ನಡೆದ ಹಳೆಯ ವಾಹನಗಳ ಮೇಳಕ್ಕೆ ಹೋಗಿದ್ದೆ. ಅಲ್ಲಿ ಹಸಿರು ಬಣ್ಣದ ಬೆಡ್‌ಫರ್ಡ್ ವಾಹನವೊಂದು ಕೊಳದ ದಡದಲ್ಲಿ ನಿಂತು ನೀರೆಳೆದು ಮತ್ತೆ ಅದೇ ಕೊಳಕ್ಕೆ ಚಿಮ್ಮಿಸುತ್ತಿತ್ತು. ಹವ್ಯಾಸಿಗಳು 'ಗ್ರೀನ್ ಗಾಡೆಸ್' ಎಂದು ಅಕ್ಕರೆಯಿಂದ ಕರೆಯುವುದು ಇದನ್ನೇ. ಪಂಪಿನ ಬಳಿ ನಿಂತಿದ್ದ ಅದರ ಮಾಲೀಕರು ಗೇಜನ್ನು ನೋಡುವ ಮೊದಲೇ ಎಂಜಿನ್ ವೇಗ ಹೊಂದಿಸುವ ಥ್ರಾಟಲ್‌ಗೆ ಕೈ ಹಾಕಿದ್ದನ್ನು ಕಂಡಾಗ ನನಗೆ ಮಾವನದೇ ನೆನಪಾಯಿತು.

ಆ ವಾಹನದ ಕಥೆಯನ್ನು ಇಲ್ಲಿ ಹೇಳಲೇಬೇಕು. ಅಣುಬಾಂಬಿನ ದಾಳಿಯಾದರೆ ನಗರಗಳು ಹೊತ್ತಿ ಉರಿಯುತ್ತವೆ, ನೆಲದಡಿಯ ನೀರಿನ ಕೊಳವೆಗಳು ಒಡೆದು ಹೋಗುತ್ತವೆ, ಆಗ ದೂರದ ನದಿ ಕೆರೆಗಳಿಂದ ವಾಹನದಿಂದ ವಾಹನಕ್ಕೆ ನೀರು ದಾಟಿಸಬೇಕಾಗುತ್ತದೆ ಎಂಬ ಭಯದಿಂದ ಬ್ರಿಟನ್ ಸರ್ಕಾರ 1950ರ ದಶಕದಲ್ಲಿ ಅವುಗಳನ್ನು ಕಟ್ಟಿಸಿತು. ನಿಮಿಷಕ್ಕೆ 4,000 ಲೀಟರಿಗೂ ಮಿಗಿಲಾಗಿ ನೀರು ತಳ್ಳುವ ಪಂಪೇ ಅವುಗಳ ಜೀವಾಳ. ಅವುಗಳನ್ನು ಬಳಸುತ್ತಿದ್ದ ಸಹಾಯಕ ಅಗ್ನಿಶಾಮಕ ಸೇವೆಯನ್ನು 1968ರಲ್ಲಿ ಮುಚ್ಚಿದರೂ ವಾಹನಗಳನ್ನು ಗುಜರಿಗೆ ಹಾಕಲಿಲ್ಲ, ಸುಸ್ಥಿತಿಯಲ್ಲಿಟ್ಟು ಕಾಪಾಡಿದರು. 1977ರಲ್ಲಿ ಅಗ್ನಿಶಾಮಕ ಸಿಬ್ಬಂದಿ ಮುಷ್ಕರ ಹೂಡಿದಾಗ ಸೈನಿಕರು ಅವುಗಳನ್ನೇ ಬೀದಿಗಿಳಿಸಿದರು. 2002ರ ಮುಷ್ಕರದಲ್ಲಿ, ಸುಮಾರು ಅರ್ಧ ಶತಮಾನ ಹಳೆಯವಾಗಿದ್ದಾಗಲೂ, ಅವು ಮತ್ತೊಮ್ಮೆ ಬೆಂಕಿ ಆರಿಸಲು ಹೊರಟವು. ಮುಷ್ಕರದ ನ್ಯಾಯಾನ್ಯಾಯ ಬೇರೆಯೇ ಚರ್ಚೆ.

ಅಮೆರಿಕದ ಹವ್ಯಾಸಿಗಳೂ ಪಂಪಿನ ಆರಾಧಕರೇ. ಸಿನ್ಸಿನಾಟಿಯಲ್ಲಿ ತಯಾರಾಗುತ್ತಿದ್ದ ಅಹ್ರೆನ್ಸ್-ಫಾಕ್ಸ್ ವಾಹನಗಳ ಮೂತಿಯ ಮೇಲೆ ಮಿರಮಿರ ಹೊಳೆಯುವ ದೊಡ್ಡ ಲೋಹದ ಗುಂಡೊಂದಿರುತ್ತಿತ್ತು. ಅದು ಅಲಂಕಾರವಲ್ಲ, ಪಿಸ್ಟನ್ ಪಂಪು ತಡೆತಡೆದು ತಳ್ಳುವ ನೀರಿನ ಬಡಿತವನ್ನು ಒಳಗಿನ ಗಾಳಿಯಿಂದ ತಡೆದು ಧಾರೆಯನ್ನು ಒಂದೇ ಸಮನಾಗಿಸುವ ಕೋಣೆ. 1965ರಲ್ಲಿ ನ್ಯೂಯಾರ್ಕ್ ನಗರಕ್ಕೆ ಬಂದ ಮ್ಯಾಕ್ ಕಂಪನಿಯ 'ಸೂಪರ್ ಪಂಪರ್' ಅಂತೂ ಪಂಪುಗಳ ಪೈಕಿ ದೈತ್ಯ. 18 ಸಿಲಿಂಡರ್‌ಗಳಲ್ಲಿ 36 ಪಿಸ್ಟನ್‌ಗಳುಳ್ಳ ನೇಪಿಯರ್ ಡೆಲ್ಟಿಕ್ ಡೀಸೆಲ್ ಎಂಜಿನ್ನನ್ನು ಹೊತ್ತಿದ್ದ ಅದು ನಿಮಿಷಕ್ಕೆ ಸುಮಾರು 33,000 ಲೀಟರ್ ನೀರು ತಳ್ಳಬಲ್ಲುದಾಗಿತ್ತು. 1982ರಲ್ಲಿ ಸೇವೆಯಿಂದ ನಿವೃತ್ತವಾದರೂ ಅದು ಇಂದಿಗೂ ಉಳಿದಿದೆ.

ನಮ್ಮಲ್ಲಿ ಆಗುತ್ತಿರುವುದನ್ನು ನೋಡಿದರೆ ನೋವಾಗುತ್ತದೆ. ಊರೊಂದರ ಠಾಣೆಯ ಅಂಗಳದಲ್ಲಿ ಕಟ್ಟೆಯ ಮೇಲೆ ನಿಲ್ಲಿಸಿದ ಹಳೆಯ ವಾಹನವನ್ನು ನೋಡಲು ಒಮ್ಮೆ ಆಸೆಯಿಂದ ಹೋಗಿದ್ದೆ. ಅದಕ್ಕೆ ದಪ್ಪನೆಯ ಕೆಂಪು ಬಣ್ಣ ಬಳಿದಿದ್ದರು. ಗೇಜಿನ ಗಾಜಿನ ಮೇಲೂ, ಪಂಪು ತಯಾರಿಸಿದವರ ಹೆಸರಿದ್ದ ಹಿತ್ತಾಳೆಯ ಫಲಕದ ಮೇಲೂ ಅದೇ ಬಣ್ಣ. ವಾಲ್ವುಗಳು ತುಕ್ಕು ಹಿಡಿದು ಕೂತಿದ್ದವು. ಉಳಿಸಬೇಕೆಂಬ ಪ್ರೀತಿಯಿಂದಲೇ ಯಾರೋ ಹಾಗೆ ಮಾಡಿದ್ದರೆಂಬುದು ನನಗೆ ತಿಳಿಯುತ್ತದೆ, ಮತ್ತು ಅದೇ ಕಾರಣಕ್ಕೆ ಇನ್ನಷ್ಟು ಬೇಸರವಾಗುತ್ತದೆ. ಆ ವಾಹನಕ್ಕೆ ಇನ್ನು ನೆಲದ ಮಳೆನೀರನ್ನೂ ಎತ್ತಲಾಗದು.

ಇದೀಗ ಅವಸರವೂ ಸೇರಿಕೊಂಡಿದೆ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು ಮುಂದುವರಿಸುವಂತಿಲ್ಲ ಎಂಬ ಕೇಂದ್ರದ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಬಸ್ಸು ಜೀಪುಗಳ ಮಟ್ಟಿಗೆ ಇದರಲ್ಲಿ ಅರ್ಥವಿದೆ. ಬೆಂಕಿ ಆರಿಸಲು ಹೊರಡುವ ವಾಹನ ಹದಿನಾರನೆಯ ವರ್ಷದಲ್ಲೂ ನಂಬಿಕೆಗೆ ಅರ್ಹವಾಗಿರಬೇಕೆಂಬ ಮಾತಿಗೂ ನನ್ನ ವಿರೋಧವಿಲ್ಲ. ಓಡಿದ ಕಿಲೋಮೀಟರ್ ಕಡಿಮೆಯಿದ್ದರೂ ನಿಂತಲ್ಲೇ ಗಂಟೆಗಟ್ಟಲೆ ಪಂಪು ತಿರುಗಿಸಿದ ಎಂಜಿನ್ ಸವೆದಿರುತ್ತದೆ. ಕರೆಗೆ ಹೋಗುವುದು ಹೊಸ ವಾಹನವೇ ಆಗಲಿ. ಆದರೆ ಪ್ರತಿಯೊಂದು ಮಾದರಿಯಲ್ಲಿ ಒಂದನ್ನಾದರೂ ಗುಜರಿಗೆ ಕೊಡದೆ, ಪಂಪು, ಪ್ರೈಮರ್, ಹೋಸು, ಅದರ ತುದಿಯಲ್ಲಿ ನೀರು ಚಿಮ್ಮಿಸುವ ಬ್ರಾಂಚುಗಳ ಸಮೇತ ಇಲಾಖೆಯ ತರಬೇತಿ ಕೇಂದ್ರದಲ್ಲಿ ಇಟ್ಟುಕೊಳ್ಳಬೇಕು. ರಸ್ತೆಗಿಳಿಯದ ವಾಹನ ಅಂಗಳದೊಳಗೆ ನೀರೆತ್ತಿದರೆ ಸಾಕು. ಅದನ್ನು ತಿಂಗಳಿಗೊಮ್ಮೆ ಓಡಿಸಿ ತೋರಿಸಲು ನನ್ನ ಮಾವನಂತಹ ನಿವೃತ್ತರನ್ನು ಕರೆದರೆ ಅವರು ಖಂಡಿತ ಬಂದಾರು.

ಹೊಸ ವಾಹನಗಳ ಬಗ್ಗೆ ನನಗೆ ಅಭಿಮಾನವಿದೆ. ಫಿನ್ಲೆಂಡಿನ ಬ್ರಾಂಟೊ ಸ್ಕೈಲಿಫ್ಟ್ ಕಂಪನಿಯ 90 ಮೀಟರ್ ಏಣಿ ವಾಹನ ಬೆಂಗಳೂರಿಗೆ ಬಂದಾಗ ಅದರ ಚಿತ್ರಗಳನ್ನು ನಾನೂ ಹಂಚಿಕೊಂಡಿದ್ದೆ. 2010ರಲ್ಲಿ ಬೆಂಕಿ ಬಿದ್ದ ಬಹುಮಹಡಿ ಕಟ್ಟಡ ಕಾರ್ಲ್‌ಟನ್ ಟವರ್ಸ್‌ನ ಹೊಗೆಯಲ್ಲಿ ಸಿಕ್ಕಿಕೊಂಡವರನ್ನು ಮರೆಯದ ಊರಿಗೆ ಅಂತಹ ವಾಹನದ ಬೆಲೆ ಚೆನ್ನಾಗಿ ಗೊತ್ತು. ಒಂದು ಮಾತು ಮಾತ್ರ ಹೇಳಬೇಕೆನಿಸುತ್ತದೆ: ಇಂತಹ ವಾಹನಗಳಲ್ಲಿ ಕಾಲು ಊರುವುದರಿಂದ ಹಿಡಿದು ತೋಳು ಚಾಚುವವರೆಗೆ ಎಲ್ಲದಕ್ಕೂ ಎಲೆಕ್ಟ್ರಾನಿಕ್ ಕಾವಲಿದೆ. ಮುಂದೊಂದು ದಿನ ಇವೂ ಹಳೆಯವಾದಾಗ ಸ್ಪ್ಯಾನರಿನಿಂದ ಇವುಗಳನ್ನು ಉಳಿಸಲಾಗದು. ಸರ್ಕ್ಯೂಟ್ ನಕ್ಷೆ, ಕೈಪಿಡಿ, ಸಾಫ್ಟ್‌ವೇರುಗಳನ್ನು ಇಂದಿನಿಂದಲೇ ಜೋಪಾನ ಮಾಡಬೇಕು.

ಈ ಹವ್ಯಾಸವಿರುವ ಗೆಳೆಯರಲ್ಲಿ ನನ್ನ ವಿನಂತಿ ಇಷ್ಟೇ. ಆಯುಧಪೂಜೆಯ ದಿನ ವಾಹನಗಳನ್ನು ತೊಳೆದು ಹೂಮಾಲೆ ಹಾಕಿ ಸಾಲಾಗಿ ನಿಲ್ಲಿಸಿರುತ್ತಾರೆ. ಏಪ್ರಿಲ್ 14ರಿಂದ ಅಗ್ನಿಶಾಮಕ ಸೇವಾ ಸಪ್ತಾಹವೂ ಇರುತ್ತದೆ. ಅಂತಹ ದಿನಗಳಲ್ಲಿ ನಿಮ್ಮೂರಿನ ಠಾಣೆಗೆ ಹೋಗಿ, ಅಧಿಕಾರಿಗಳ ಅನುಮತಿ ಪಡೆದು, ವಾಹನದ ಮುಂಭಾಗದ ಜೊತೆಗೆ ಪಂಪಿನ ಚಿತ್ರವನ್ನೂ ತೆಗೆಯಿರಿ; ಅದರ ಫಲಕದಲ್ಲಿರುವುದನ್ನು ಅಕ್ಷರ ಬಿಡದೆ ಬರೆದುಕೊಳ್ಳಿ. ಚಾಲಕರು ಪಂಪು ಚಾಲೂ ಮಾಡಿ ತೋರಿಸಿದರೆ, ಚಿತ್ರ ಸರಿ ಬಾರದಿದ್ದರೂ ಚಿಂತೆಯಿಲ್ಲ, ಸದ್ದನ್ನು ರೆಕಾರ್ಡ್ ಮಾಡಿಕೊಳ್ಳಿ. ಹಾಗೆ ಸಿಕ್ಕಿದ್ದನ್ನು ನನಗೆ ಕಳಿಸಿದರೆ ಮಾವನಿಗೆ ಕೇಳಿಸಿ, ಪಂಪು ನೀರು ಹಿಡಿದದ್ದು ಎಷ್ಟನೆಯ ಸೆಕೆಂಡಿಗೆ ಎಂದು ಅವರಿಂದ ಕೇಳಿ ಬರೆಯುತ್ತೇನೆ.