ಎರಡು ದೋಣಿ, ಒಂದೇ ಬುಟ್ಟಿ

ಪೈಥಾನ್ ಪ್ರೋಗ್ರಾಮಿಂಗ್‌ನಲ್ಲಿ ಕ್ಲಾಸು (ಅಚ್ಚು), ಆಬ್ಜೆಕ್ಟು (ಆ ಅಚ್ಚಿನಿಂದ ಮಾಡಿದ ವಸ್ತು) ಕಲಿಸುವವರಿಗೆ ಕಾರು, ನಾಯಿ ಬಿಟ್ಟರೆ ಬೇರೆ ಉದಾಹರಣೆಯೇ ಸಿಗುವುದಿಲ್ವಾ? ನಾನು ಕಾರವಾರದವಳು. ‘ದೋಣಿ’ ಅಂತ ಕ್ಲಾಸ್ ಬರೆದೆ. ಅದರೊಳಗೇ ಮೀನಿಗೆ ಒಂದು ಖಾಲಿ ಲಿಸ್ಟ್ ಇಟ್ಟೆ. ಎರಡು ದೋಣಿ ಮಾಡಿ, ಒಂದಕ್ಕೆ ಬಂಗಡೆ ಹಾಕಿದೆ. ಪ್ರಿಂಟ್ ಕೊಟ್ಟರೆ ಎರಡರಲ್ಲೂ ಬಂಗಡೆ! ಬೈತಖೋಲ ಬಂದರಿನಲ್ಲಿ ಹೀಗಾದರೆ ಹೊಡೆದಾಟವೇ ಆಗುತ್ತದೆ ಮಾರಾಯ್ರೆ. ಎರರ್ ಆದರೂ ಬಂತಾ? ಅದೂ ಇಲ್ಲ.

ರಾತ್ರಿ 11ಕ್ಕೆ ಗೊತ್ತಾಯಿತು. ಹಾಗೆ ಇಟ್ಟ ಲಿಸ್ಟ್ ಎಲ್ಲ ದೋಣಿಗೂ ಒಂದೇ. ಹೊಸ ದೋಣಿ ಮಾಡುವಾಗೆಲ್ಲ ಓಡುವ ‘ಇನಿಟ್’ ಫಂಕ್ಷನ್ ಒಳಗೆ ‘ಸೆಲ್ಫ್’ (ಅಂದರೆ ‘ಈ ದೋಣಿ’) ಹಚ್ಚಿ ಬರೆದರೆ ಮಾತ್ರ ಅವರವರ ಬುಟ್ಟಿ ಅವರವರಿಗೆ. ಇದನ್ನು ಮೊದಲ ದಿನವೇ ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಕ್ಲಾಸಿನ ಫಂಕ್ಷನ್ ಬರೆಯುವಾಗ ಅದರ ಬ್ರ್ಯಾಕೆಟ್ ಒಳಗೆ ಆ ಸೆಲ್ಫ್ ಮರೆತರೆ ಮತ್ತೊಂದು ರಗಳೆ. ದೋಣಿಯಿಂದ ಅದನ್ನು ಕರೆದರೆ, ಈ ಫಂಕ್ಷನ್‌ಗೆ ಸೊನ್ನೆ ಆರ್ಗ್ಯುಮೆಂಟ್ (ಒಳಗೆ ಕೊಡುವ ಮಾಹಿತಿ) ಸಾಕು, ಒಂದು ಕೊಟ್ಟಿದ್ದೀಯ ಅನ್ನುತ್ತದೆ ಪೈಥಾನ್. ಕರೆಯುವಾಗ ಬ್ರ್ಯಾಕೆಟ್ ಒಳಗೆ ನಾನು ಏನೂ ಕೊಟ್ಟೇ ಇಲ್ಲ; ದೋಣಿಯನ್ನು ಅದೇ ಒಳಗೆ ತಳ್ಳಿರುತ್ತದೆ!